ಕಾಡಿಂದು ಅಂದರೆ ತಿನ್ನಬಹುದು

ನಮ್ಮ ಅಪ್ಪನ ಮನೆಯಲ್ಲಿ ಹಂದಿ ತಿನ್ನುವುದಿಲ್ಲ. ಕಾಡುಹಂದಿ ತಿನ್ನುತ್ತಾರೆ. ಇವೆರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತು, ಪಾಠ ಹೇಳುವ ಮೇಷ್ಟ್ರ ಹಾಗೆ ಬೆರಳೆತ್ತಿ, "ಅದು ಬೇರೆ, ಇದು ಬೇರೆ" ಎನ್ನುತ್ತಾರೆ. ಊರಹಂದಿ ಚರಂಡಿಯಲ್ಲಿ ಹೊರಳುತ್ತದಂತೆ. ಕಾಡುಹಂದಿ ಗೆಡ್ಡೆಗೆಣಸು ತಿಂದುಕೊಂಡು ಋಷಿಯ ಹಾಗೆ ಬದುಕುತ್ತದಂತೆ. ವಿಜಯನಗರ ಬಡಾವಣೆಯಲ್ಲಿ ಎರಡು ಮಹಡಿ ಮನೆ ಕಟ್ಟಿಕೊಂಡು, ತಾರಸಿಯ ಮೇಲೆ ಕೂತು, ಹಂದಿಗಳ ನಡತೆಗೆ ಸರ್ಟಿಫಿಕೇಟ್ ಕೊಡುವ ನಮ್ಮ ಜನರನ್ನು ನೋಡಿದರೆ ನನಗೆ ಮೊದಲೆಲ್ಲ ನಗು ಬರುತ್ತಿತ್ತು. ಈಗ ಬರುವುದಿಲ್ಲ.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಹಿಂದಿನ ದಿನ ಹೋಳಿಗೆ ತಿಂದು, ಬೇವು ಬೆಲ್ಲದ ಬಗ್ಗೆ ಭಾಷಣ ಮಾಡಿದ ಬಾಯಿಗಳೆಲ್ಲ ಅವತ್ತು ಬೆಳಗ್ಗೆಯಿಂದ ಬಾಡೂಟಕ್ಕೆ ಕಾಯುತ್ತಿರುತ್ತವೆ. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂದು ನಮ್ಮ ಕಡೆ ನಂಬಿಕೆ. ಹಿಂದೆ ಹಳ್ಳಿಗಳಲ್ಲಿ ಗಂಡಸರು ಅವತ್ತು ಬಲೆ, ಕೋಲು ಹಿಡಿದು ಬೇಟೆಗೆ ಹೋಗುತ್ತಿದ್ದರಂತೆ. ನಮ್ಮ ಮನೆಯಲ್ಲಿ ಆ ಕೆಲಸ ಭಾವನದು. ಭಾವ ಎಂದರೆ ನನ್ನ ಅಕ್ಕನ ಗಂಡ. ಕೆಂಗೇರಿಯಿಂದಾಚೆ ಸೈಟು ಮಾರಿಸುವುದು ಅವರ ಕಸುಬು. ಇದ್ದ ಮರಗಳನ್ನೆಲ್ಲ ಕಡಿಸಿ, ಕಲ್ಲು ನೆಡಿಸಿ, ಲೇಔಟಿಗೆ 'ವನ' ಎಂದು ಹೆಸರಿಡುವ ಮನುಷ್ಯನಿಗೆ ಕಾಡಿನ ಮೇಲೆ ಭಾರಿ ಪ್ರೀತಿ. ಪ್ರತಿವರ್ಷ ಹೊಸತೊಡಕಿಗೆ ದೊಡ್ಡ ಕುಕ್ಕರ್ ತುಂಬುವಷ್ಟು ಬಾಡನ್ನು ಕಪ್ಪು ಕವರಿನಲ್ಲಿ ಸುತ್ತಿ ಅಪ್ಪನ ಮನೆಗೆ ತರುತ್ತಾರೆ. ತಂದು, ಬಾಗಿಲು ಹಾಕಿ, ದನಿ ತಗ್ಗಿಸಿ, "ಕಾಡಿಂದು" ಎನ್ನುತ್ತಾರೆ. ಕಾಡುಪ್ರಾಣಿ ಹೊಡೆಯುವುದು ಅಪರಾಧ ಎಂದು ಎಲ್ಲರಿಗೂ ಗೊತ್ತು. ಅರಣ್ಯ ಇಲಾಖೆಯವರು ಪಕ್ಕದ ಮನೆ ಕಾಂಪೌಂಡಿನ ಹಿಂದೆಯೇ ಅಡಗಿ ಕೂತಿದ್ದಾರೇನೋ ಎನ್ನುವ ಹಾಗೆ ನೆಂಟರೆಲ್ಲ ಸುತ್ತ ನೋಡುತ್ತಾರೆ. ಅರ್ಧ ರುಚಿ ಆ ಪಿಸುಮಾತಿನಲ್ಲೇ ಇರುತ್ತದೆ.

ಸಾರು ಕುದಿಯುವಷ್ಟು ಹೊತ್ತು ತಾರಸಿಯ ಮೇಲೆ ಪ್ರವಚನ. ಯಾವುದನ್ನು ತಿನ್ನಬಹುದು, ಯಾವುದನ್ನು ತಿನ್ನಬಾರದು. ಮೊಲ ತಿನ್ನಬಹುದು, ಮೃದು. ಗೌಜಲಹಕ್ಕಿ ತಿನ್ನಬಹುದು, ಆದರೆ ಹಲ್ಲಿಗೂ ಸಾಲುವುದಿಲ್ಲ. ಉಡ ಮನೆಯೊಳಗೆ ಬಂದರೆ ಅಪಶಕುನ, ಸಾರಿನೊಳಗೆ ಬಂದರೆ ಸೊಂಟನೋವಿಗೆ ಔಷಧಿ. ನವಿಲು ಸುಬ್ರಹ್ಮಣ್ಯನ ವಾಹನ, ಶಿವ ಶಿವ, ಮುಟ್ಟುವಂತಿಲ್ಲ. ಜಿಂಕೆ ವಾಯುದೇವರ ವಾಹನ ಎಂದು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಒಂದು ವರ್ಷ ನಾನೇ ಬಾಯಿ ಹಾಕಿ, "ಹಂಗಾದ್ರೆ ಹಂದಿ ವಿಷ್ಣುವಿನ ಅವತಾರ ಅಲ್ವಾ?" ಎಂದು ಕೇಳಿದ್ದೆ. ಅಪ್ಪ ನನ್ನ ಮುಖ ಕೂಡ ನೋಡದೆ, "ಅದು ಬೇರೆ" ಎಂದರು. ನರಿಯನ್ನು ಯಾರೂ ತಿನ್ನುವುದಿಲ್ಲ. ಮುಖ ನೋಡಿದರೆ ಸಾಕು, ಅದೃಷ್ಟ. ನಾನು ಇಷ್ಟು ವರ್ಷದಿಂದ ಭಾವನ ಮುಖ ನೋಡುತ್ತಿದ್ದೇನೆ, ಏನೂ ಬಂದಿಲ್ಲ.

ಇಲಿ, ಹೆಗ್ಗಣದ ಮಾತು ಬಂದರೆ ಎಲ್ಲರೂ ಥೂ ಎನ್ನುತ್ತಾರೆ. ಥೂ ಎಂದ ಮೇಲೆ ಎಲ್ಲರ ಕಣ್ಣೂ ನನ್ನ ಕಡೆ ತಿರುಗುತ್ತದೆ. ಯಾಕೆಂದರೆ ನನ್ನನ್ನು ಕೊಟ್ಟಿರುವುದು, ಅಲ್ಲ, ನಾನೇ ಹಟ ಹಿಡಿದು ಮದುವೆಯಾಗಿ ಹೋಗಿರುವುದು ಹೆಗ್ಗನಹಳ್ಳಿಗೆ. "ಏನಮ್ಮ, ನಿಮ್ಮೂರಲ್ಲಿ ಹೆಗ್ಗಣ ಎಲ್ಲಾ ಖಾಲಿ ಆಯ್ತಾ?" ಎಂದು ಭಾವ ಪ್ರತಿವರ್ಷ ಕೇಳುತ್ತಾರೆ. ಪ್ರತಿವರ್ಷ ಎಲ್ಲರೂ ಹೊಸದಾಗಿ ಕೇಳಿದವರ ಹಾಗೆ ನಗುತ್ತಾರೆ. ಒಂದೇ ಜೋಕನ್ನು ಇಷ್ಟು ವರ್ಷ ಜಗಿಯುವ ಬಾಯಿಗಳು ಎಂಥ ಬಾಡನ್ನಾದರೂ ಜಗಿದಾವು.

ನನ್ನ ಗಂಡನ ಮನೆಯಲ್ಲಿ ಹಂದಿ ತಿನ್ನುತ್ತಾರೆ. ಊರಹಂದಿಯನ್ನೇ. ಅವರ ಚಿಕ್ಕಪ್ಪನದು ಹಂದಿ ಬಾಡಿನ ಅಂಗಡಿ. ನನ್ನ ಗಂಡನದು ಸಣ್ಣ ಲೇತ್ ವರ್ಕ್‌ಶಾಪ್. ಮದುವೆಯಾದ ಹೊಸದರಲ್ಲಿ ಅಪ್ಪ ಒಂದೇ ಒಂದು ಸಲ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ನಾನು ಅವರಿಗೆಂದು ಮಟನ್ ಸಾರು, ಮುದ್ದೆ ಮಾಡಿದ್ದೆ. ಕೈ ತೊಳೆದು ಕೂತವರು ಮಾತಿಗೆಂಬಂತೆ, "ಭಾನುವಾರ ಎಲ್ಲಾ ಏನು ಮಾಡ್ತೀರಪ್ಪ?" ಎಂದು ಅಳಿಯನನ್ನು ಕೇಳಿದರು. ನನ್ನ ಗಂಡ, "ಹಂದಿ ಮಾಡ್ತೀವಿ ಮಾವ. ಇವ್ಳೂ ಕಲ್ತಿದಾಳೆ, ಚೆನ್ನಾಗ್ ಮಾಡ್ತಾಳೆ" ಎಂದರು. ಅಪ್ಪ ಎತ್ತಿದ ನೀರಿನ ಲೋಟವನ್ನು ಕೆಳಗಿಟ್ಟರು. ಹೊಟ್ಟೆ ಸರಿಯಿಲ್ಲ ಎಂದು ಎದ್ದರು. ಆಮೇಲೆ ಬಂದಾಗಲೆಲ್ಲ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು, ಚೀಲದಿಂದ ತಮ್ಮದೇ ನೀರಿನ ಬಾಟಲಿ ತೆಗೆದು ಕುಡಿದು ಹೋಗುತ್ತಾರೆ. ನಮ್ಮ ಮನೆಯ ನೀರೂ ಹಂದಿಯೇ.

ನಾನೂ ಕಡಿಮೆ ದಡ್ಡಿಯಲ್ಲ. ಆ ವಾರವೇ ವಿಜಯನಗರದ ಪಾತ್ರೆ ಅಂಗಡಿಗೆ ಹೋಗಿ ಒಂದು ಸ್ಟೀಲ್ ತಟ್ಟೆ, ಲೋಟ, ಸಣ್ಣ ತಪ್ಪಲೆ ತಂದೆ. ಅಪ್ಪನಿಗೆಂದೇ. ಹಂದಿ ಮುಟ್ಟದ ಪಾತ್ರೆಗಳು. ಅಪ್ಪನ ಕಣ್ಣಿಗೆ ಬೀಳಲಿ ಎಂದು ತಟ್ಟೆಯ ಮೇಲಿನ ಅಂಗಡಿಯ ಚೀಟಿಯನ್ನೂ ಕೀಳಲಿಲ್ಲ. ಅಪ್ಪ ಬಂದಾಗ, "ಹೊಸಾದು ಅಪ್ಪ, ಒಂದ್ಸಲಾನೂ ಬಳ್ಸಿಲ್ಲ" ಎಂದು ಆ ಲೋಟದಲ್ಲಿ ನೀರು ಕೊಟ್ಟೆ. "ಇರ್ಲಿ ಬಿಡಮ್ಮ, ಬಾಯಾರಿಕೆ ಇಲ್ಲ" ಎಂದು ಬಾಟಲಿ ತೆಗೆದರು. ಪಾತ್ರೆಗಳು ಶೋಕೇಸಿನ ಮೇಲಿನ ಅಟ್ಟಕ್ಕೆ ಹೋದವು. ಪ್ರತಿ ಹಬ್ಬಕ್ಕೂ ಇಳಿಸಿ, ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದೆ. ಅಪ್ಪ ಒಂದು ಸಲ, ಒಂದೇ ಸಲ ನಮ್ಮ ಮನೆಯಲ್ಲಿ ಕೂತು ಊಟ ಮಾಡಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಈ ವರ್ಷದ ಹೊಸತೊಡಕಿನ ಬೆಳಗ್ಗೆ ನನ್ನ ಗಂಡ ಚಿಕ್ಕಪ್ಪನ ಅಂಗಡಿಗೆ ಬಾಡು ತರಲು ಹೋದವರು ಹೊಟ್ಟೆ ಹಿಡಿದುಕೊಂಡು ನಗುತ್ತ ವಾಪಸು ಬಂದರು. ಅಂಗಡಿಯ ಮುಂದೆ ಭಾರಿ ಕ್ಯೂ ಇತ್ತಂತೆ. ಸಾಲಿನಲ್ಲಿ ಒಬ್ಬ ಮನುಷ್ಯ ತಲೆಯ ಹೆಲ್ಮೆಟನ್ನೇ ತೆಗೆದಿರಲಿಲ್ಲವಂತೆ. ಗಾಡಿ ಮೇಲಿಲ್ಲ, ಬಿಸಿಲೂ ಇಲ್ಲ, ಆದರೂ ಹೆಲ್ಮೆಟ್, ಗಾಜು ಕೂಡ ಕೆಳಗೆ. ಆದರೆ ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು, ಹಗ್ಗದಂಥ ಚಿನ್ನದ ಚೈನು ಹೊರಗೇ ಇತ್ತು. ಆ ಚೈನನ್ನು ನಮ್ಮ ಮದುವೆಯಲ್ಲಿ ಎಲ್ಲರೂ ಮುಟ್ಟಿ ಮುಟ್ಟಿ ನೋಡಿದ್ದರು.

"ನಿಮ್ ಭಾವಾನೇ ಕಣೇ" ಎಂದರು ನನ್ನ ಗಂಡ. "ಬಿಳೀ ಸೀಮೆಹಂದಿ ಬೇಡ, ಕರೀದೇ ಕೊಡಿ ಅಂದ್ರು. ಚಿಕ್ಕಪ್ಪ ಚರ್ಮ ಸುಟ್ಟು ಹೆರೀತಾ ಇದ್ರೆ, ಪೂರ್ತಿ ಹೆರೀಬೇಡಿ, ಅಲ್ಲಲ್ಲಿ ಕೂದ್ಲು ಬಿಡಣ್ಣ ಅಂತಾರೆ. ಚಿಕ್ಕಪ್ಪ ಯಾಕ್ ಸಾರ್ ಅಂದ್ರೆ, ನಮ್ ಮಾವಂಗೆ ಹಂಗೇ ಇಷ್ಟ ಅಂತೆ."

ಅವರು ನಗುತ್ತಲೇ ಇದ್ದರು. ನನಗೆ ಮೈಯೆಲ್ಲ ಉರಿಯಿತು. ಹೆಗ್ಗನಹಳ್ಳಿಯ ಹಂದಿ ಹೆಲ್ಮೆಟ್ ಹಾಕಿಕೊಂಡು ವಿಜಯನಗರಕ್ಕೆ ಹೋದರೆ ಕಾಡಿನದಾಗುತ್ತದೆ. ನಾನು ಹೊಸ ತಟ್ಟೆಯಲ್ಲಿ ಮಟನ್ ಬಡಿಸಿದರೂ ಅದು ಹಂದಿಯಾಗುತ್ತದೆ.

"ಸುಮ್ನಿರು, ಹಬ್ಬದ ದಿನ ಜಗಳ ಬೇಡ" ಎಂದರು ಗಂಡ. ಅವರನ್ನು ಆ ಊಟಕ್ಕೆ ಯಾರೂ ಕರೆಯುವುದಿಲ್ಲ. ಕರೆದರೂ ಅವರು ಹೋಗುವವರಲ್ಲ. ನಾನೊಬ್ಬಳೇ ಬಸ್ಸು ಹತ್ತಿದೆ.

ತಾರಸಿಯ ಮೇಲೆ ಎಲ್ಲ ಯಥಾಪ್ರಕಾರ ನಡೆದಿತ್ತು. ಶಾಮಿಯಾನದ ಕೆಳಗೆ ಭಾವ ತಮ್ಮ ಬೇಟೆಯ ಕಥೆ ಹೇಳುತ್ತಿದ್ದರು. ಮಾಗಡಿ ಕಡೆಯ ಪರಿಚಯದವರಂತೆ, ಜೋಳದ ಹೊಲಕ್ಕೆ ನುಗ್ಗಿತ್ತಂತೆ, ಮೂರು ನಾಯಿ ಬಿಟ್ಟರೂ ಬಗ್ಗಲಿಲ್ಲವಂತೆ. ಎಲೆ ಹಾಕಿದರು. ಅಕ್ಕ ಬಡಿಸಿದಳು. ಅಪ್ಪ ಮೊದಲ ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಇದು ನೋಡಿ ರುಚಿ" ಎಂದರು. "ಓಡಾಡಿದ ಮೈ. ನಾರು ನಾರಾಗಿದೆ. ಚರಂಡಿ ಹಂದೀಲಿ ಇದು ಬರುತ್ತಾ?"

ಆಮೇಲೆ ಚರ್ಮದಲ್ಲಿ ಉಳಿದಿದ್ದ ಒಂದು ಕಪ್ಪು ಕೂದಲನ್ನು ಎರಡು ಬೆರಳಲ್ಲಿ ಕಿತ್ತು, ವಜ್ರದ ಹರಳು ತೋರಿಸುವವರ ಹಾಗೆ ಎಲ್ಲರಿಗೂ ತೋರಿಸಿದರು. "ಕಾಡಿಂದಕ್ಕೆ ಇದೇ ಗುರುತು." ನೆಂಟರೆಲ್ಲ ತಮ್ಮ ತಮ್ಮ ಎಲೆಯಲ್ಲಿ ಕೂದಲು ಹುಡುಕತೊಡಗಿದರು. ಸಿಕ್ಕವರ ಮುಖ ಅರಳಿತು, ಸಿಗದವರು ಇನ್ನೊಂದು ತುಂಡು ಹಾಕಿಸಿಕೊಂಡರು. ಬೇರೆ ದಿನ ಅನ್ನದಲ್ಲಿ ಒಂದು ಕೂದಲು ಸಿಕ್ಕರೆ ಅಕ್ಕನ ಜನ್ಮ ಜಾಲಾಡುವ ಜನ ಇವರು.

ಹೇಳಿಬಿಡಬೇಕು ಎಂದು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ನನ್ನ ತಲೆಗೆ ಇನ್ನೊಂದು ಯೋಚನೆ ಬಂತು. ಅಪ್ಪ ತಿಂದಾಗಿದೆ. ಇವರ ಚಿಕ್ಕಪ್ಪನ ಅಂಗಡಿಯದನ್ನೇ, ಚಪ್ಪರಿಸಿಕೊಂಡು ತಿಂದಿದ್ದಾರೆ. ಇನ್ನು ಯಾವ ಮೈಲಿಗೆ ಉಳಿದಿದೆ? ಎಲ್ಲರ ಮುಂದೆ ಹೇಳಿದರೆ ಮಾನ ಹೋಗುತ್ತದೆ. ಒಬ್ಬರಿಗೇ ಹೇಳಿದರೆ ಒಂದು ಗಳಿಗೆ ಬೇಸರ ಮಾಡಿಕೊಂಡಾರು, ಆಮೇಲೆ ನಕ್ಕಾರು, ಮುಂದಿನ ವಾರ ನಮ್ಮ ಮನೆಗೆ ಊಟಕ್ಕೆ ಬಂದಾರು. ಇಷ್ಟೆಲ್ಲ ಕಂಡ ಮೇಲೂ ನನಗೆ ಆಸೆ ಹುಟ್ಟಿತಲ್ಲ, ಅವರ ಮಗಳೇ ಸರಿ ನಾನು.

ಅಪ್ಪ ಕೈ ತೊಳೆಯಲು ನೀರಿನ ಟ್ಯಾಂಕಿನ ಹಿಂದಿನ ನಲ್ಲಿಗೆ ಹೋದಾಗ ನಾನೂ ಚೊಂಬು ಹಿಡಿದು ಹೋದೆ. ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಅಪ್ಪ, ಬೇಜಾರ್ ಮಾಡ್ಕೋಬೇಡಿ. ಅದು ಕಾಡಿಂದಲ್ಲ. ಹೆಗ್ಗನಹಳ್ಳೀದು. ನಮ್ ಚಿಕ್ಕಮಾವನ ಅಂಗಡೀದು. ಇವ್ರು ಬೆಳಗ್ಗೆ ಭಾವನ್ನ ಅಲ್ಲೇ ನೋಡಿದ್ರು, ಹೆಲ್ಮೆಟ್ ಹಾಕ್ಕೊಂಡು ಕ್ಯೂನಲ್ಲಿ ನಿಂತಿದ್ರಂತೆ" ಎಂದೆ.

ಅಪ್ಪ ಕೈಗೆ ಸೋಪು ಹಚ್ಚುತ್ತಲೇ ಇದ್ದರು. ಉಗುರಿನ ಸಂದಿಯ ಮಸಾಲೆಯನ್ನು ನಿಧಾನವಾಗಿ ತೆಗೆದರು.

"ಗೊತ್ತು ಕಣಮ್ಮ" ಎಂದರು. "ಅವನು ಕಾಡು ನೋಡಿರೋದು ಟಿವೀಲಿ."

ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಅವರ ಮುಖ ನೋಡಿದೆ. ಮುಖದಲ್ಲಿ ನಾಚಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಚೆನ್ನಾಗಿ ಉಂಡ ಮನುಷ್ಯನ ಮುಖ, ಅಷ್ಟೇ.

"ಮೊದ್ಲಿಂದಾನೂ ಗೊತ್ತಾ?"

"ಊರಹಂದಿ ಯಾವ್ದು, ಕಾಡಿಂದು ಯಾವ್ದು ಅಂತ ಗೊತ್ತಾಗ್ದೆ ಇರೋಕೆ ನಾನೇನು ಮಗೂನಾ?"

"ಹಂಗಾದ್ರೆ ನಮ್ಮನೇಲಿ ಒಂದು ಲೋಟ ನೀರು ಯಾಕ್ ಕುಡಿಯಲ್ಲ ನೀವು?"

"ಅದು ಬೇರೆ" ಎಂದರು ಅಪ್ಪ.

"ಏನು ಬೇರೆ? ಅದೇ ಅಂಗಡಿ, ಅದೇ ಹಂದಿ."

ಅಪ್ಪ ಪಂಚೆಯ ಅಂಚಿನಿಂದ ಕೈ ಒರೆಸಿಕೊಂಡರು. ದಡ್ಡ ಮಗುವಿಗೆ ಮಗ್ಗಿ ಹೇಳಿಕೊಡುವ ಸಹನೆಯಿಂದ ಹೇಳಿದರು: "ನೋಡಮ್ಮ, ಅವನು ಹೆಲ್ಮೆಟ್ಟೋ ಗಿಲ್ಮೆಟ್ಟೋ ಹಾಕ್ಕೊಂಡ್ ಹೋಗಿ, ಕಾಡಿಂದು ಅಂತ ಹೇಳಿ ತರ್ತಾನೆ. ನಮ್ ಮನೆತನಕ್ಕೆ ಅಷ್ಟಾದ್ರೂ ಬೆಲೆ ಕೊಡ್ತಾನೆ. ನಿನ್ ಗಂಡ ಏನ್ ಮಾಡ್ದ? ಮಾವ ಊಟಕ್ಕೆ ಕೂತಿದ್ರೆ, ಮುಖಕ್ಕೆ ಹೊಡ್ದಂಗೆ ಹಂದಿ ಅಂದ. ಒಂದು ಸುಳ್ಳು ಹೇಳೋ ಮರ್ಯಾದೇನೂ ಇಲ್ವಲ್ಲ ಅವನಿಗೆ."

ಹೇಳಿ, ಎಲೆ ಅಡಿಕೆ ಹಾಕಿಕೊಳ್ಳಲು ಹೋದರು.

ನಾನು ನಲ್ಲಿ ನಿಲ್ಲಿಸಿ ಚೊಂಬನ್ನು ಬೋರಲು ಹಾಕಿದೆ. ಅಳು ಬಂತು, ಅಳಲಿಲ್ಲ. ಇಷ್ಟು ವರ್ಷ ನಾನು ಮನೆಯ ಪಾತ್ರೆಗಳನ್ನೆಲ್ಲ ತಿಕ್ಕಿದ್ದೇ ತಿಕ್ಕಿದ್ದು. ಹಂದಿಯ ಜಿಡ್ಡು ಹೋಗಲಿ ಎಂದು ಹುಣಸೆಹಣ್ಣು, ಬೂದಿ, ಬಿಸಿನೀರು. ತಿಕ್ಕಬೇಕಾಗಿದ್ದದ್ದು ಪಾತ್ರೆಯನ್ನಲ್ಲ, ಮಾತನ್ನು ಎಂದು ಯಾರೂ ನನಗೆ ಹೇಳಿರಲಿಲ್ಲ. ನಿಜ ಹೇಳುವ ಗಂಡನನ್ನು ಕಟ್ಟಿಕೊಂಡದ್ದೇ ಅವರ ಲೆಕ್ಕದಲ್ಲಿ ನನ್ನ ಮೈಲಿಗೆ.

ಹೊರಡುವಾಗ ಅಕ್ಕ ಡಬ್ಬಿಯಲ್ಲಿ ಸಾರು ಹಾಕಿಕೊಡಲು ಬಂದಳು. "ತಗೊಂಡ್ ಹೋಗೇ, ಕಾಡಿಂದು, ನಿಮ್ ಕಡೆ ಎಲ್ಲಿ ಸಿಗುತ್ತೆ" ಎಂದಳು. ಅವಳ ಹಿಂದೆ ನಿಂತಿದ್ದ ಭಾವ ತಟ್ಟನೆ ಆಕಾಶ ನೋಡಿದರು. "ಬೇಡ ಕಣೇ, ನಮ್ಮನೇಲಿ ಇದೆ" ಎಂದೆ. ಅಪ್ಪ ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡು, "ಮುಂದಿನ ವಾರ ಆ ಕಡೆ ಬರ್ತೀನಿ" ಎಂದರು. "ಬನ್ನಿ" ಎಂದೆ.

ಮನೆಗೆ ಬಂದಾಗ ನನ್ನ ಗಂಡ ಊಟ ಮಾಡದೆ ಕಾಯುತ್ತಿದ್ದರು. ಬಾಡನ್ನು ತಾವೇ ಬೇಯಿಸಿ, ಮುದ್ದೆ ಕಟ್ಟಿ ಮುಚ್ಚಿಟ್ಟಿದ್ದರು. "ಏನಂದ್ರು ಮಾವ?" ಎಂದು ಕೇಳಿದರು. "ರುಚಿಯಾಗಿದೆ ಅಂದ್ರು" ಎಂದೆ. ಸ್ಟೂಲು ಹಾಕಿಕೊಂಡು ಅಟ್ಟದಿಂದ ಅಪ್ಪನ ತಟ್ಟೆ, ಲೋಟ ಇಳಿಸಿದೆ. ತಟ್ಟೆಯ ಚೀಟಿ ಹಳೆಯದಾಗಿ ಅಂಟಿಹೋಗಿತ್ತು. ಉಗುರಿನಿಂದ ಕೆರೆದೆ, ಬರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದೆ. ತೊಳೆದು, ಮುದ್ದೆ ಇಟ್ಟು, ಮೇಲೆ ಹಂದಿ ಸಾರು ಹಾಕಿ ನನ್ನ ಗಂಡನ ಮುಂದೆ ಇಟ್ಟೆ.

ಅವರು ತಟ್ಟೆ ನೋಡಿದರು, ನನ್ನನ್ನು ನೋಡಿದರು. "ಇದು ಮಾವಂದಲ್ವಾ?"

"ಅಲ್ಲ, ನಿಮ್ದು" ಎಂದೆ. "ಊಟ ಮಾಡಿ."

ಹೊಸತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದಂತೆ. ನಡೆಯಲಿ.