ದಕ್ಷಿಣಕ್ಕೆ ಶಾಲೆಯ ಗೋಡೆ

ಟೈಲರಕ್ಕ ನಲವತ್ತು ದಾಟಿದ ಮೇಲೆ ಕಾನೂನು ಓದಲು ಹೊರಟಾಗ ಅವಳ ಗಂಡ, "ಈ ವಯಸ್ಸಲ್ಲಿ ಕೋಟು ಹಾಕ್ಕೊಂಡು ಯಾರ ತಲೆ ತಿನ್ನೋಕೆ ಹೋಗ್ತೀಯ?" ಎಂದು ನಕ್ಕಿದ್ದ. ಅಕ್ಕ ಜಗ್ಗಲಿಲ್ಲ. ಹಗಲು ಬಟ್ಟೆ ಹೊಲಿದು, ಸಂಜೆ ಕಾಲೇಜಿನ ತರಗತಿಯ ಮೊದಲ ಬೆಂಚಿನಲ್ಲಿ ಕೂತು, ಕ್ರಯಪತ್ರ, ಅಡಮಾನ, ಆಸ್ತಿ ವ್ಯಾಜ್ಯ ಎಲ್ಲವನ್ನೂ ಅರೆದು ಕುಡಿದಳು.

ಒಂದು ದಿನ ಮೇಷ್ಟ್ರು, "ಕ್ರಯಪತ್ರಾನ ಕುರ್ಚೀಲಿ ಕೂತು ಓದಬೇಡಿ. ನಿಮ್ಮ ನಿಮ್ಮ ಅಂಗಳದಲ್ಲಿ ನಿಂತು ನಾಲ್ಕು ಕಡೆ ಗಡಿ ಹೊಂದಿಸಿ ನೋಡಿ" ಎಂದರು.

ಭಾನುವಾರ ಅಕ್ಕ ತನ್ನ ಮನೆಯ ಕ್ರಯಪತ್ರ ಹಿಡಿದು ಅಂಗಳಕ್ಕಿಳಿದಳು. ಪೂರ್ವಕ್ಕೆ ರಸ್ತೆ, ಸರಿ. ದಕ್ಷಿಣಕ್ಕೆ ಶಾಲೆಯ ಗೋಡೆ ಎಂದಿತ್ತು. ಆದರೆ ದಕ್ಷಿಣಕ್ಕಿದ್ದದ್ದು ಪಕ್ಕದ ನರ್ಸಮ್ಮನ ಮನೆ. ಶಾಲೆಯ ಗೋಡೆ ಅದರಾಚೆ. ತಾನೇ ಎಡವಟ್ಟು ಮಾಡಿರಬೇಕೆಂದು ಸೂರ್ಯನನ್ನು ನೋಡಿಕೊಂಡು ಮತ್ತೆ ಓದಿದಳು. ಎಡವಟ್ಟು ಅವಳದಾಗಿರಲಿಲ್ಲ. ಒಂದೇ ಅಚ್ಚಿನ ಆ ಜೋಡಿ ಮನೆ ಕಟ್ಟಿಸಿ ಮಾರಿದ ಪುಣ್ಯಾತ್ಮ ಬೀಗದ ಕೈಗಳನ್ನು ಅದಲುಬದಲು ಮಾಡಿ ಕೊಟ್ಟಿದ್ದ. ಇಷ್ಟು ವರ್ಷ ಅವಳಿದ್ದದ್ದು ನರ್ಸಮ್ಮನ ಮನೆಯಲ್ಲಿ, ನರ್ಸಮ್ಮ ಇದ್ದದ್ದು ಅವಳ ಮನೆಯಲ್ಲಿ. ಸಾಲ ಮಾಡಿ ಮಹಡಿ ಏರಿಸಿದ್ದೂ ಪರರ ಮನೆಯ ಮೇಲೆ. ಸಾಲ ಕೊಟ್ಟ ಬ್ಯಾಂಕಿನ ಮಹಾನುಭಾವರು ಗೋಡೆ ತಟ್ಟಿ ನೋಡಿದ್ದರೇ ಹೊರತು ದಿಕ್ಕು ನೋಡಿರಲಿಲ್ಲ.

ಆಗ ಇನ್ನೊಂದು ವಿಷಯ ಅವಳ ತಲೆಗೆ ಹೊಳೆಯಿತು. ನರ್ಸಮ್ಮ ಮನೆ ಮಾರುತ್ತಿದ್ದರು, ನೋಂದಣಿ ನಾಳೆಯೇ ಇತ್ತು. ಅವರ ಪತ್ರದ ಪ್ರಕಾರ ಮಾರಾಟವಾಗುವುದು ಮಹಡಿ ಸಮೇತ ಅಕ್ಕ ಇರುವ ಮನೆ.

ಚಪ್ಪಲಿ ಕೂಡ ಮೆಟ್ಟದೆ ಓಡಿದಳು. ನರ್ಸಮ್ಮ ಕಪಾಟು ಖಾಲಿ ಮಾಡುತ್ತಿದ್ದರು.

"ನರ್ಸಮ್ಮ, ನಾಳೆ ಸಹಿ ಹಾಕ್ಬೇಡಿ. ನಮ್ಮಿಬ್ಬರ ಮನೆ ಅದಲುಬದಲಾಗಿದೆ. ಮೊದಲು ವಿನಿಮಯ ಪತ್ರ ಮಾಡಿಸೋಣ, ಖರ್ಚೆಲ್ಲ ನಂದು."

ನರ್ಸಮ್ಮ ಕೈಲಿದ್ದ ಹೊದಿಕೆಯನ್ನು ನಿಧಾನವಾಗಿ ಮಡಚಿಟ್ಟರು. "ಗೊತ್ತಮ್ಮ. ನೀನು ಮಹಡಿ ಏರಿಸೋ ಮುಂಚೇನೇ ನಮ್ಮ ಯಜಮಾನ್ರು ಕಂಡುಹಿಡಿದಿದ್ರು."

ಅಕ್ಕ ಕೇಳಿದಳು, "ಒಂದು ಮಾತು ಹೇಳ್ಬಾರದಿತ್ತಾ?"

"ಅವರು ಹೇಳೋಣ ಅಂದ್ರು. ನಾನೇ, ಕಟ್ಟಿ ಮುಗೀಲಿ ತಡೀರಿ ಅಂದೆ."

ಗೊತ್ತಿದ್ದೂ ಸುಮ್ಮನಿದ್ದು ಕಟ್ಟಲು ಬಿಟ್ಟ ಮಾಲೀಕ ಆಮೇಲೆ ಬಂದು ಹಕ್ಕು ಸಾಧಿಸುವುದು ಕಷ್ಟ ಎಂಬ ಪಾಠ ಅಕ್ಕನಿಗೆ ಬಾಯಿಪಾಠವಾಗಿತ್ತು. ನರ್ಸಮ್ಮ ತಮ್ಮ ಬಾಯಿಂದಲೇ ಒಪ್ಪಿಕೊಂಡಾಗಿತ್ತು. ಕೋರ್ಟಿನಲ್ಲಿ ವಾದಿಸಲು ಅಷ್ಟು ಸಾಕಿತ್ತು. ಅಕ್ಕನಿಗೆ ಅದ್ಯಾವುದೂ ನೆನಪಾಗಲಿಲ್ಲ.

"ತಾರಸಿ ಹಾಕಿದ ದಿನ ಕೆಲಸದವರಿಗೆಲ್ಲ ನೀವೇ ಟೀ ಮಾಡ್ಕೊಂಡು ಬಂದಿದ್ರಲ್ಲ, ನರ್ಸಮ್ಮ" ಎಂದಳು.