ಎದ್ದವರಿಗೆಲ್ಲ ಒಂದೊಂದು ಗೀಟು

ಹದಿನೇಳು ದಿನ ಕಚೇರಿಯ ಗೇಟಿನ ಮುಂದೆ ಧರಣಿ ಕೂತು ಹೆರಿಗೆ ರಜೆ ಗಿಟ್ಟಿಸಿಕೊಂಡವರಲ್ಲಿ ಈ ಶಿಶುವಿಹಾರದ ಆಯಾ ಕೂಡ ಒಬ್ಬಳು. ಕೂರುವುದು ಎಂಥ ಕಷ್ಟದ ಕೆಲಸವೆಂದು ಆಕೆಗೆ ಗೊತ್ತು. ಅರ್ಧ ಗಂಟೆಗೊಮ್ಮೆ ಒಬ್ಬೊಬ್ಬಳು ಏನೋ ನೆಪ ಹೇಳಿ ಎದ್ದು ಸೊಂಟ ನೀವಿಕೊಂಡು ಬರುತ್ತಿದ್ದಳು. ಎದ್ದವರಿಗೆಲ್ಲ ಗೀಟು ಹಾಕಿಡುವ ಹೊಣೆ ಆಯಾಳದು. ಧರಣಿಯ ನಾಯಕಿಯನ್ನೂ ಬಿಡುತ್ತಿರಲಿಲ್ಲ.

ಕಾಲು ಒಂದೆಡೆ ನಿಲ್ಲದ ಮಗುವಿನ ಕೈಗೆ ನೀರಿನ ಜಗ್ ಕೊಡುವುದು ಇಪ್ಪತ್ತಾರು ವರ್ಷದಿಂದ ಆಕೆಯ ಪದ್ಧತಿ. ನಾಲಿಗೆ ಕಚ್ಚಿಕೊಂಡು, ಹನಿ ಚೆಲ್ಲದಂತೆ ನಡೆಯುವ ಮಗುವಿಗೆ ಗಮನವಿಲ್ಲವೆಂದು ಯಾವ ಬೃಹಸ್ಪತಿ ಹೇಳಿಯಾನು? ಈ ವರ್ಷ ಬಂದ ಹೆಡ್‌ಮೇಡಂ ನೆಲ ಒದ್ದೆಯಾಗುತ್ತದೆಂದು ಜಗ್ಗನ್ನು ಬೀರುವಿನ ಮೇಲೇರಿಸಿದರು. ಆಮೇಲೆಯೇ, ಎಲ್ಲರೂ ಬುಗುರಿ ಎಂದು ಕರೆಯುವ ನಾಲ್ಕು ವರ್ಷದ ಹುಡುಗಿಗೆ ಕೂತಲ್ಲಿ ಕೂರದ ಕಾಯಿಲೆ ಶುರುವಾದದ್ದು.

ಬುಗುರಿಯ ತಾಯಿ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುವವಳು. ಆಕೆ ಕೂತರೆ ಮಾಲೀಕ ಬೈಯುತ್ತಾನೆ, ಮಗಳು ಎದ್ದರೆ ಹೆಡ್‌ಮೇಡಂ. "ಮಾತ್ರೆ ಶುರುಮಾಡ್ಸಿ, ಇಲ್ಲಾ ಸೋಮವಾರದಿಂದ ಕಳಿಸ್ಬೇಡಿ" ಎಂದು ಹೆಡ್‌ಮೇಡಂ ಹೇಳಿಯೂ ಆಗಿತ್ತು. ಮಾತ್ರೆ ತಿಂದು ದಾರಿಗೆ ಬಂದ ಮಕ್ಕಳನ್ನು ಆಯಾ ಕಂಡಿಲ್ಲವೆಂದಲ್ಲ, ಸುಳ್ಳು ಹೇಳಬಾರದು. ಆದರೆ ಅವರೆಲ್ಲ ಹಾಲುಹಲ್ಲು ಬಿದ್ದ ವಯಸ್ಸಿನವರು.

ಶುಕ್ರವಾರ ಮಗುವನ್ನು ನೋಡಲು ಡಾಕ್ಟರಮ್ಮ ಬಂದರು. ಆಯಾಳ ಕೈಗೆ ಕಾಗದ ಕೊಟ್ಟು, "ಅರ್ಧ ಗಂಟೆ ನೋಡ್ತಿರಮ್ಮ, ಎದ್ದಾಗೆಲ್ಲ ಒಂದೊಂದು ಗೀಟು ಹಾಕು" ಎಂದರು. ಹಳೇ ಚಾಳಿ ಎಲ್ಲಿ ಹೋಗುತ್ತದೆ? ಆಯಾ ಹಾಕಿದಳು.

ಅರ್ಧ ಗಂಟೆ ಕಳೆಯಿತು. ಡಾಕ್ಟರಮ್ಮ ಕಾಗದ ನೋಡಿ ಹುಬ್ಬೇರಿಸಿದರು. ಬುಗುರಿ ಒಂಬತ್ತು. ಡಾಕ್ಟರಮ್ಮ ಆರು, ಎಲ್ಲ ಫೋನಿಗಾಗಿ. ಹೆಡ್‌ಮೇಡಂ ಹದಿನಾಲ್ಕು.

"ಏನಮ್ಮ ಇದು? ಮಗೂದು ಮಾತ್ರ ಕೇಳಿದ್ದು ನಾನು."

"ಒಬ್ರನ್ನ ಬಿಟ್ಟು ಇನ್ನೊಬ್ರಿಗೆ ಹಾಕಿ ಅಭ್ಯಾಸ ಇಲ್ಲ ಡಾಕ್ಟ್ರೇ."

"ನಾನು ಎದ್ದಿದ್ದು ಕೆಲಸಕ್ಕೆ!" ಹೆಡ್‌ಮೇಡಂ ಧಡಕ್ಕನೆ ಎದ್ದರು. ಆಯಾ ಹದಿನೈದನೆಯ ಗೀಟು ಎಳೆದಳು.

"ಮಗೂಗೂ ಒಂದು ಕೆಲಸ ಕೊಡಿ ಮೇಡಂ, ಅದೂ ಕೆಲಸಕ್ಕೇ ಏಳತ್ತೆ. ಮೊದ್ಲು ಜಗ್ ಹೊರ್ತಿತ್ತು, ನೀವೇ ಬೀರು ಮೇಲೆ ಕೂರ್ಸಿದ್ರಿ."

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ತಾಯಿಗೆ ಕುರ್ಚಿ ತೋರಿಸಿದರು. ಆಕೆ ಕೂರಲಿಲ್ಲ, ಅಭ್ಯಾಸ ತಪ್ಪಿತ್ತು.

"ಈ ವಯಸ್ಸಿಗೆ ಮಾತ್ರೆಗೆ ಅವಸರ ಬೇಡಮ್ಮ. ಮೊದ್ಲು ಮನೇಲಿ, ಇಲ್ಲಿ ಮಗೂನ ನಡೆಸ್ಕೊಳ್ಳೋ ರೀತಿ ಬದಲಾಯಿಸೋಣ, ಹೇಗೆ ಅಂತ ನಾನು ಹೇಳ್ಕೊಡ್ತೀನಿ. ಆರು ತಿಂಗಳು ನೋಡೋಣ."

"ಅಲ್ಲೀವರ್ಗೂ ನಾನೇನು ಮಾಡ್ಲಿ?" ಎಂದರು ಹೆಡ್‌ಮೇಡಂ.

"ಆ ಜಗ್ ಕೆಳಗಿಳಿಸಿ."

ಸೋಮವಾರ ಬುಗುರಿ ಎರಡೂ ಕೈಯಲ್ಲಿ ಜಗ್ ಹಿಡಿದು, ಉಸಿರು ಬಿಗಿಹಿಡಿದು ಬಂದಳು. ಹೆಡ್‌ಮೇಡಂ ಮತ್ತೆ ಎದ್ದು ಅಡ್ಡ ಬಂದದ್ದರಿಂದ ಒಂದಿಷ್ಟು ನೀರು ಅವರ ಪಾದಕ್ಕೆ ಬಿತ್ತು. ಮಗುವಿನ ಸೀಟು ಉಳಿಯಿತು. ಮಧ್ಯಾಹ್ನ ಆಯಾಳ ಕೈಗೆ ಮೆಮೊ ಬಂತು: ಕೆಲಸದಲ್ಲಿ ಗಮನವಿಲ್ಲ.