ಬೋವಿಕಾನದ ಸಾಲ್ವದೊರ್ ಮತ್ತು ಒಂದು ಹಿತ್ತಾಳೆ ಸ್ಕ್ರೂ

ಬೆಳಗ್ಗೆ ಐದೂಮುಕ್ಕಾಲು. ಬೋವಿಕಾನ ಪೇಟೆಯಲ್ಲಿ ಚಾದಂಗಡಿ ಬಿಟ್ಟರೆ ಬಾಗಿಲು ತೆರೆದಿರುವುದು ಅದರ ಪಕ್ಕದ ಎಂಟಡಿ ಅಗಲದ ಕೋಣೆ ಮಾತ್ರ. ಒಳಗೆ ಸಾಲ್ವದೊರ್ ಕ್ರಾಸ್ತಾ ಕಣ್ಣು ಮುಚ್ಚಿ ಕುಳಿತಿದ್ದಾರೆ. ಪ್ರಾರ್ಥನೆ ಎಂದುಕೊಂಡರೆ ನೀವು ಮೋಸಹೋದಿರಿ. ಅವರ ಕಿವಿ ಎದುರಿನ ಸ್ಪೀಕರಿನ ಮೇಲಿದೆ. ಮೊದಲ ಬಸ್ಸು ಬರುವ ಮುಂಚಿನ ಈ ಒಂದು ಗಂಟೆಯಲ್ಲೇ ರಿಪೇರಿಗೆ ಬಂದ ಹಳೆಯ ರೇಡಿಯೋ, ಆಂಪ್ಲಿಫೈಯರ್ ಸೆಟ್ಟುಗಳ ನಾಡಿ ಹಿಡಿಯುವುದು ಅವರ ಕ್ರಮ.

"ಹಗಲು ಇಡೀ ಪೇಟೆಯೇ ಗುಂಯ್ ಅಂತದೆ ಮಾರಾಯ್ರೆ. ಅದ್ರಲ್ಲಿ ಸೆಟ್ಟಿಂದು ಯಾವುದು ಅಂತ ಎಂತ ಗೊತ್ತಾಗ್ತದೆ?"

ಸಾಲ್ವದೊರ್‌ಗೆ ಈಗ, ಅಂದರೆ 2012ರಲ್ಲಿ, ಅರುವತ್ತೊಂದು. ಹದಿನೇಳಕ್ಕೆ ಮಂಗಳೂರಿನ ರೇಡಿಯೋ ರಿಪೇರಿ ಅಂಗಡಿ ಸೇರಿದವರು, ಇಲ್ಲಿ ಕೂತು ಮೂವತ್ತನಾಲ್ಕು ವರ್ಷವಾಯಿತು. ದಿನಕ್ಕೆ ನಾಲ್ಕೈದು ಮಿಕ್ಸಿ, ಎರಡು ಫ್ಯಾನು ಬರುತ್ತವೆ. ಹಳೆಯ ಆಂಪ್ಲಿಫೈಯರ್ ಬರುವುದು ಎರಡು ತಿಂಗಳಿಗೊಂದು. ಆ ದಿನ ಮಿಕ್ಸಿಗಳು ಬಾಗಿಲಲ್ಲೇ ಕಾಯಬೇಕು. "ಊಟಕ್ಕೆ ಕರೆದ್ರೆ ಕೇಳುದಿಲ್ಲ, ಸ್ಪೀಕರ್ ಕೆಮ್ಮಿದ್ರೆ ಕೇಳ್ತದೆ" ಎಂದು ಹೆಂಡತಿ ಜೆಸ್ಸಿ ಗೊಣಗುತ್ತಾರೆ.

ಇಂದಿನ ಆಂಪ್ಲಿಫೈಯರ್ ನೆಕ್ರಾಜೆಯ ಸೌದಾಮಿನಿ ಟೀಚರದ್ದು. ಅವರೂ ಅವರ ತಮ್ಮ ಜಯಪಾಲರೂ ಬಾಗಿಲ ಬಳಿಯ ಬೆಂಚಿನ ಮೇಲಿದ್ದಾರೆ. ಟೀಚರ ಮಡಿಲಲ್ಲಿ ಒಂದು ರೆಕಾರ್ಡು. ನಲುವತ್ತು ವರ್ಷದ ಹಿಂದೆ ಜಾನಪದದ ಹುಚ್ಚು ಹತ್ತಿದ ಯಾರೋ ಬಂದು ಅವರ ತಾಯಿ ಅಪ್ಪಿ ಹಾಡುತ್ತಿದ್ದ ಪಾಡ್ದನ ಎಂಬ ತುಳು ಕಥನಗೀತೆಯನ್ನು ಧ್ವನಿ ಮುದ್ರಿಸಿಕೊಂಡು ಹೋಗಿದ್ದರು. ರೆಕಾರ್ಡು ಮನೆ ತಲುಪುವಷ್ಟರಲ್ಲಿ ಅಪ್ಪಿ ತೀರಿಕೊಂಡಿದ್ದರು. ಸಂಕಟಕ್ಕೆ ತಂದೆ ಕೂಸಪ್ಪ ಅದನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದರು. ಅವರ ಕಾಲಾನಂತರವೇ ಅದು ಹೊರಬಂದದ್ದು. ತಾಯಿ ಹೋದಾಗ ಜಯಪಾಲರಿಗೆ ಒಂದು ವರ್ಷ, ತಾಯಿಯ ಸ್ವರ ನೆನಪೇ ಇಲ್ಲ. ನಾಡಿದ್ದು ಸೋಮವಾರ ಅವರಿಗೆ ಕೆಲಸದ ಊರಾದ ಶಾರ್ಜಾಕ್ಕೆ ವಿಮಾನ.

ರೆಕಾರ್ಡು ನುಡಿಸುವ ಯಂತ್ರವನ್ನು ಜಯಪಾಲರೇ ಅಲ್ಲಿಂದ ತಂದಿದ್ದರು. ಮನೆಯ ಆಂಪ್ಲಿಫೈಯರಿಗೆ ಜೋಡಿಸಿದರೆ ಬರೀ ಗುಂಯ್. ಯಂತ್ರದ ಹಿಂದೆ ಒಂದು ಸಪೂರ ಹಸಿರು ವಯರು ಇತ್ತು. ಅದನ್ನು ಆಂಪ್ಲಿಫೈಯರಿನ ಲೋಹದ ಹೊರಮೈಗೆ ಕಟ್ಟಬೇಕು, ಆದರೆ ಆ ಕಾಲದ ಸೆಟ್ಟಿನಲ್ಲಿ ಕಟ್ಟುವ ಜಾಗವೇ ಇಲ್ಲ. ಜಯಪಾಲರು ರೇಡಿಯೋ ಕಾಲದಲ್ಲಿ ಹಿರಿಯರು ನೆಲಕ್ಕೆ ಅರ್ತ್ ಕೊಡುತ್ತಿದ್ದಂತೆ ವಯರನ್ನು ಅಂಗಳಕ್ಕೆಳೆದು, ತೆಂಗಿನ ಬುಡದಲ್ಲಿ ಇದ್ದಲು, ಉಪ್ಪು ಹಾಕಿ ಹೂತು, ಎರಡು ಹೊತ್ತು ನೀರು ಹೊಯ್ದರು. ಗುಂಯ್ ಇನ್ನೂ ಜೋರಾಯಿತು. ಕೊನೆಗೆ ಯಂತ್ರ, ಆಂಪ್ಲಿಫೈಯರ್ ಎರಡನ್ನೂ ಇಲ್ಲಿಗೆ ಹೊತ್ತು ತಂದರು.

"ತೆಂಗಿಗೆ ಒಳ್ಳೆದಾಯ್ತು, ಪದ್ಯಕ್ಕೆ ಆಗ್ಲಿಲ್ಲ" ಎಂದು ಸಾಲ್ವದೊರ್ ನಗುತ್ತಾರೆ. ಜಯಪಾಲರಿಗೆ ನಗು ಬರುವುದಿಲ್ಲ.

"ಪೊರ್ಬುಗಳೇ, ಆಗ್ತದಾ?" ಊರಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ಕರೆದು ಟೀಚರು ಕೇಳುತ್ತಾರೆ.

"ನೋಡುವ ಟೀಚರೇ. ಸೆಟ್ಟಿನ ಬಾಡಿಯಲ್ಲಿ ಕರೆಂಟು ಉಂಟಾದ್ರೆ ನಾನು ಕೈ ಹಾಕುದಿಲ್ಲ."

ಆ ಮಾತಿನ ಹಿಂದೆ ಅವರ ಎಡಗೈಯಿದೆ. ಅಂಥದೇ ಒಂದು ಸೆಟ್ಟು ಒಮ್ಮೆ ಅವರನ್ನು ಗೋಡೆಗೆ ಎಸೆದಿತ್ತು. ಅಂದಿನಿಂದ ಎರಡು ಬೆರಳು ಮರಗಟ್ಟಿವೆ. ಮೂರು ಸಲ ಪರೀಕ್ಷಿಸಿ, ಕರೆಂಟಿಲ್ಲ ಎಂದು ಖಾತ್ರಿಯಾದ ಮೇಲೆ ಬಲಗೈಯ ಬೆರಳನ್ನು ಯಂತ್ರದ ಮುಳ್ಳು ಹೊತ್ತ ಲೋಹದ ತೋಳಿಗೆ ಮುಟ್ಟಿಸುತ್ತಾರೆ. ಗುಂಯ್ ತಗ್ಗುತ್ತದೆ. ಬೆರಳು ತೆಗೆದರೆ ಮತ್ತೆ ಏರುತ್ತದೆ. ರೋಗ ಸಿಕ್ಕಿತು: ಯಂತ್ರದ ಲೋಹಕ್ಕೂ ಸೆಟ್ಟಿನ ಮೈಗೂ ಸಂಪರ್ಕವೇ ಇಲ್ಲ.

ಪ್ಲಗ್ಗು ಕಿತ್ತು, ಒಳಗೆ ಉಳಿದ ಕರೆಂಟನ್ನು ಇಳಿಸಿ, ಆಂಪ್ಲಿಫೈಯರಿನ ಹಿಂಬದಿಯಲ್ಲಿ ಕಡಲೆಯಷ್ಟು ಜಾಗದ ಬಣ್ಣ ಕೆರೆಯುತ್ತಾರೆ. ಕೈಡ್ರಿಲ್ಲಿನ ತುದಿಗೆ ಗ್ರೀಸು ಮೆತ್ತುತ್ತಾರೆ. ಒಂದು ಚೂರು ಲೋಹದ ಪುಡಿ ಒಳಗೆ ಬಿದ್ದರೂ ಸೆಟ್ಟು ಸುಟ್ಟೀತು, ಪುಡಿಯೆಲ್ಲ ಗ್ರೀಸಿಗೆ ಅಂಟಬೇಕು. ಎಂಟು ಬೆರಳಿನಲ್ಲಿ, ಉಸಿರು ಹಿಡಿದು, ಅವರು ತೂತು ಕೊರೆಯುವುದನ್ನು ನೋಡುತ್ತಿದ್ದರೆ ನೋಡುವವರ ಉಸಿರೂ ನಿಲ್ಲುತ್ತದೆ. ಇಂಥ ಕೈಯನ್ನು ಕಂಡು ಬೆರಗಾಗದವರಿಗೆ ಏನು ಹೇಳೋಣ! ತೂತಿಗೆ ಹಿತ್ತಾಳೆ ಸ್ಕ್ರೂ, ವಾಷರು, ಕೈಯಲ್ಲೇ ತಿರುಗಿಸುವ ನಟ್ಟು. ಅದರಡಿಗೆ ಹಸಿರು ವಯರು. ಮೀಟರ್ ಹಚ್ಚಿದರೆ ಬೀಪ್ ಎನ್ನುತ್ತದೆ.

ಸ್ವಿಚ್ ಹಾಕುತ್ತಾರೆ. ಗುಂಯ್ ಎನ್ನುವ ಸದ್ದಿಲ್ಲ. ಮುಳ್ಳು ಇಳಿಯುತ್ತದೆ, ಚರಚರ ಎನ್ನುತ್ತದೆ, ಆಮೇಲೆ ಒಂದು ಹೆಣ್ಣು ಸ್ವರ ಕೋಣೆ ತುಂಬುತ್ತದೆ. ಟೀಚರು ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ. ಪಾಡ್ದನದ ನಡುವೆ ದೂರದಲ್ಲೆಲ್ಲೋ ಮಗುವೊಂದು ಅಳುತ್ತದೆ. ಹಾಡು ನಿಲ್ಲುತ್ತದೆ. ಅಪ್ಪಿ ತುಳುವಿನಲ್ಲಿ ಹೇಳುತ್ತಾರೆ: "ಬಾಲೆ ಬುಲ್ಪುಂಡು, ಒಂತೆ ಉಂತುಲೆ." ಮಗು ಅಳುತ್ತಿದೆ, ಸ್ವಲ್ಪ ತಾಳಿ.

"ಅದು ನೀನು ಜಯಪಾಲ" ಎನ್ನುತ್ತಾರೆ ಟೀಚರು. ನಲುವತ್ತೊಂದರ ಗಂಡಸು ಬೆಂಚಿನ ಮೇಲೆ ಬಿಕ್ಕಿ ಬಿಕ್ಕಿ ಅಳುತ್ತಾರೆ.

ರೆಕಾರ್ಡು ಮುಗಿಯುತ್ತದೆ. ಹೊರಗೆ ಬಸ್ಸಿನ ಹಾರ್ನು. ಸಾಲ್ವದೊರ್ ಕಿವಿಯನ್ನು ಸ್ಪೀಕರಿನಿಂದ ತೆಗೆದು, ಸಂಕೋಚದಿಂದ ಟೀಚರ ಕಡೆ ತಿರುಗುತ್ತಾರೆ.

"ಟೀಚರೇ, ಇನ್ನೊಂದು ಸಲ ಹಾಕುವನಾ? ಇಷ್ಟು ಹೊತ್ತು ನಾನು ಗುಂಯ್ ಉಂಟಾ ಅಂತ ಮಾತ್ರ ಕೇಳ್ತಾ ಇದ್ದೆ. ಅಮ್ಮನ ಪದ್ಯ ಕೇಳ್ಲೇ ಇಲ್ಲ."